ಡಾಕ್ಟರ್ ಪಾಂಪೆಯ ಕುಟುಂಬವನ್ನು ಉಳಿಸಿದ. ಪಂಜಾಬಿನ ಪ್ರೇಮ್‌ನನ್ನು ಏಕೆ ಉಳಿಸಲಿಲ್ಲ?

ಪ್ರಶ್ನೆ: ಹಿನ್ನೀರಿನವನು (ಪಾಂಡವಪುರ)

ಎಲ್ಲರಿಗೂ ನಮಸ್ಕಾರ. ಬಿಬಿಸಿಯ ‘ಡಾಕ್ಟರ್ ಹೂ’ ಧಾರಾವಾಹಿಯನ್ನು ಬಹಳ ವರ್ಷಗಳಿಂದ ನೋಡುತ್ತಾ ಬಂದವರು ಇಲ್ಲಿ ಹಲವರಿದ್ದೀರಿ ಎಂಬ ಭರವಸೆಯಿಂದ ಕೇಳುತ್ತಿದ್ದೇನೆ. ನಾನು ಇದಕ್ಕೆ ಹೊಸಬ. ಮೈಸೂರಿನಲ್ಲಿ ಪದವಿ ಓದುತ್ತಿರುವ ಮಗಳು ರಜೆಗೆ ಬಂದಾಗಲೆಲ್ಲ ತನಗೆ ಇಷ್ಟವಾದ ಕಂತುಗಳನ್ನು ಒಂದೊಂದಾಗಿ ತೋರಿಸುತ್ತಾಳೆ. ನೀಲಿ ಬಣ್ಣದ ಪೊಲೀಸ್ ಪೆಟ್ಟಿಗೆಯ ವೇಷದಲ್ಲಿರುವ ಟಾರ್ಡಿಸ್ ಎಂಬ ಕಾಲನೌಕೆಯನ್ನೂ, ಅದರಲ್ಲಿ ಹಿಂದಿನ ಮುಂದಿನ ಕಾಲಗಳಿಗೆ ಪಯಣಿಸುತ್ತಾ, ಸಾಯುವ ಹೊತ್ತಿಗೆ ಹೊಸ ದೇಹ, ಹೊಸ ಮುಖ ಪಡೆಯುವ ಡಾಕ್ಟರ್ ಎಂಬ ಅನ್ಯಲೋಕದವನನ್ನೂ ಒಪ್ಪಿಕೊಳ್ಳುವುದು ನನಗೆ ಕಷ್ಟವಾಗಲಿಲ್ಲ. ಆದರೆ ಎರಡು ಕಂತುಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದ ಮೇಲೆ ಮನಸ್ಸಿನಲ್ಲಿ ಒಂದು ಮುಳ್ಳು ಉಳಿದುಕೊಂಡಿದೆ.

ಮೊದಲನೆಯದು 2008ರ ‘ದಿ ಫೈರ್ಸ್ ಆಫ್ ಪಾಂಪೆ’. ಕ್ರಿ.ಶ. 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿ ಸಿಡಿಯುವ ಹಿಂದಿನ ದಿನ ಡಾಕ್ಟರ್ ಮತ್ತು ಅವನ ಸಹಯಾತ್ರಿ ಡಾನಾ ನೋಬಲ್ ಆ ಊರಿಗೆ ಬಂದಿಳಿಯುತ್ತಾರೆ. ಜನರನ್ನು ಎಚ್ಚರಿಸೋಣ ಎಂದು ಡಾನಾ ಹಟ ಹಿಡಿಯುತ್ತಾಳೆ. ಪಾಂಪೆಯ ನಾಶ ಕಾಲದಲ್ಲಿ ಕದಲಿಸಲಾಗದ ಬಿಂದು ಎಂದು ಡಾಕ್ಟರ್ ನಿರಾಕರಿಸುತ್ತಾನೆ. ಕಡೆಗೆ ಊರು ಬೂದಿಯಲ್ಲಿ ಮುಚ್ಚಿಹೋಗುವಾಗ, ಎಲ್ಲರನ್ನೂ ಅಲ್ಲದಿದ್ದರೂ ಯಾರಾದರೂ ಒಬ್ಬರನ್ನು ಉಳಿಸು ಎಂದು ಆಕೆ ಅತ್ತು ಬೇಡಿಕೊಂಡ ಮೇಲೆ, ಹೊರಟುಹೋಗಿದ್ದ ಡಾಕ್ಟರ್ ಹಿಂದಿರುಗಿ ಬಂದು ಆ ಊರಿನ ಕೆಸೀಲಿಯಸ್ ಎಂಬವನ ಮನೆಯ ನಾಲ್ವರಿಗೆ ಕೈ ನೀಡುತ್ತಾನೆ.

ಎರಡನೆಯದು 2018ರ ನವೆಂಬರ್‌ನಲ್ಲಿ ಪ್ರಸಾರವಾದ ‘ಡೀಮನ್ಸ್ ಆಫ್ ದಿ ಪಂಜಾಬ್’. ಡಾಕ್ಟರ್ ಇಲ್ಲಿ ಹೆಂಗಸು. ಸಹಯಾತ್ರಿ ಯಾಸ್ಮಿನ್ ಖಾನ್‌ಗೆ ಅವಳ ಅಜ್ಜಿ ಒಂದು ಒಡೆದ ಕೈಗಡಿಯಾರವನ್ನು ಕೊಟ್ಟು, ಅದರ ಕಥೆಯನ್ನು ಮಾತ್ರ ಹೇಳುವುದಿಲ್ಲ. ಕಥೆ ಹುಡುಕಿಕೊಂಡು ಹೋದ ಯಾಸ್ಮಿನ್, 1947ರ ಆಗಸ್ಟ್ ತಿಂಗಳಲ್ಲಿ ತನ್ನ ಅಜ್ಜಿ ಉಂಬ್ರೀನ್ ಪ್ರೇಮ್ ಎಂಬ ಹಿಂದೂ ಯುವಕನನ್ನು ಮದುವೆಯಾಗುವುದನ್ನು ನೋಡುತ್ತಾಳೆ. ಪ್ರೇಮ್ ಯಾಸ್ಮಿನ್‌ಳ ತಾತನಲ್ಲ. ಮದುವೆಯಾದ ದಿನವೇ, ಅವನ ಸ್ವಂತ ತಮ್ಮ ಜೊತೆಗೂಡಿದ್ದ ಬಂದೂಕುಧಾರಿಗಳ ಗುಂಡಿಗೆ ಅವನು ಬಲಿಯಾಗುತ್ತಾನೆ. ಅವನು ಸಾಯುತ್ತಾನೆ ಎಂಬುದು ಮೊದಲೇ ಗೊತ್ತಿದ್ದೂ ಡಾಕ್ಟರ್ ಬೆನ್ನು ತಿರುಗಿಸಿ ನಡೆದುಬರುತ್ತಾಳೆ.

ಇಲ್ಲಿ ನಿಜವಾಗಿ ಒಂದು ನಿಯಮವಿದೆಯೇ, ಅಥವಾ ಕಥೆಗಾರರು ತಮಗೆ ಬೇಕಾದ ಕಡೆ ಬಿಗಿದು ಬೇಡವಾದ ಕಡೆ ಸಡಿಲಿಸುತ್ತಾರೆಯೇ? ಎರಡನೆಯದೇ ಸರಿ ಎಂಬುದು ಮಗಳ ವಾದ.

ಇದು ನನ್ನನ್ನು ಇಷ್ಟು ಕಾಡಲು ಕಾರಣವಿದೆ. ನಮ್ಮ ಅಜ್ಜಿಯ ತವರು ಕನ್ನಂಬಾಡಿ ಕಟ್ಟೆಯ ನೀರಿನಲ್ಲಿ ಮುಳುಗಿದ ಊರುಗಳಲ್ಲೊಂದು. 1911ರಲ್ಲಿ ಕೆಲಸ ಆರಂಭವಾಗಿ ಇಪ್ಪತ್ತು ವರ್ಷಗಳ ಕಾಲ ಕಟ್ಟೆ ಏರುತ್ತಾ ಹೋದಂತೆ ಆ ಮನೆಯವರು ಗಾಡಿಯಲ್ಲಿ ಹಿಡಿದಷ್ಟು ಸಾಮಾನು ಹೇರಿಕೊಂಡು ಹೊರಟುಬಂದರು. ಅವರು ತಂದ ರಾಗಿ ಬೀಸುವ ಕಲ್ಲು ಈಗಲೂ ನಮ್ಮ ಹಿತ್ತಿಲಿನಲ್ಲಿದೆ. ಮಗಳು ಒಂದು ಸಂಜೆ ಆ ಕಲ್ಲನ್ನು ತೋರಿಸಿ, “ಅಪ್ಪಾ, ಪೆಟ್ಟಿಗೆ ನಮ್ಮ ಅಂಗಳದಲ್ಲಿ ಬಂದು ನಿಂತರೆ 1911ಕ್ಕೆ ಹೋಗಿ ಕಟ್ಟೆ ನಿಲ್ಲಿಸುತ್ತೀಯಾ?” ಎಂದು ಕೇಳಿದಳು. ನನಗೆ ಉತ್ತರ ಹೊಳೆಯಲಿಲ್ಲ.

ಉತ್ತರ 1: ನಿವೃತ್ತ ಇತಿಹಾಸ ಮೇಷ್ಟ್ರು (ಮಂಡ್ಯ)

ಬಹಳ ಒಳ್ಳೆಯ ಪ್ರಶ್ನೆ ಕೇಳಿದ್ದೀರಿ. ಇದು 2008ರಲ್ಲಿ ಹುಟ್ಟಿದ ಪ್ರಶ್ನೆಯಲ್ಲ. ಧಾರಾವಾಹಿಯ ಮೊದಲ ವರ್ಷದಲ್ಲೇ ಹುಟ್ಟಿದ್ದು. ಉತ್ತರವೂ ಅಲ್ಲಿಯೇ ಅರ್ಧ ಸಿಕ್ಕಿಬಿಡುತ್ತದೆ ಎಂದು ನನ್ನ ಭಾವನೆ.

ಮೊದಲ ಕಂತು ಪ್ರಸಾರವಾದದ್ದು 1963ರ ನವೆಂಬರ್ 23ರಂದು. ಹಿಂದಿನ ದಿನ ಅಮೆರಿಕದ ಅಧ್ಯಕ್ಷ ಕೆನಡಿಯವರ ಹತ್ಯೆಯಾಗಿದ್ದರಿಂದ, ಎರಡನೆಯ ಕಂತಿಗೆ ಮೊದಲು ಮುಂದಿನ ವಾರ ಅದನ್ನು ಮತ್ತೊಮ್ಮೆ ತೋರಿಸಿದರು. ಬಿಬಿಸಿಯ ನಾಟಕ ವಿಭಾಗದ ಮುಖ್ಯಸ್ಥರಾಗಿದ್ದ ಸಿಡ್ನಿ ನ್ಯೂಮನ್ ಅವರಿಗೆ ಮನರಂಜನೆಯ ಜೊತೆಗೆ ಮಕ್ಕಳಿಗೆ ಪಾಠವೂ ಆಗಬೇಕು ಎಂಬ ಇಚ್ಛೆಯಿತ್ತು. ಆದ್ದರಿಂದಲೇ ಡಾಕ್ಟರನ ಮೊಮ್ಮಗಳು ಸೂಸನ್‌ಳ ಹಿಂದೆ ಪೆಟ್ಟಿಗೆಯೊಳಕ್ಕೆ ನುಗ್ಗುವ ಇಬ್ಬರೂ ಶಾಲಾ ಶಿಕ್ಷಕರು: ಇಯಾನ್ ಚೆಸ್ಟರ್ಟನ್ ವಿಜ್ಞಾನದ ಮೇಷ್ಟ್ರು, ಬಾರ್ಬರಾ ರೈಟ್ ಇತಿಹಾಸದ ಮೇಡಂ. ನಮ್ಮವರಿಗೆ ಹೆಮ್ಮೆ ತರುವ ಸಂಗತಿಯೆಂದರೆ ಆ ಮೊದಲ ಕಥೆಯನ್ನು ನಿರ್ದೇಶಿಸಿದ ವಾರಿಸ್ ಹುಸೇನ್ ಅವರು ಹುಟ್ಟಿದ್ದು ಲಖನೌದಲ್ಲಿ, ನಿರ್ಮಾಪಕಿ ವೆರಿಟಿ ಲ್ಯಾಂಬರ್ಟ್.

1964ರ ‘ದಿ ಆ್ಯಜ್‌ಟೆಕ್ಸ್’ ಕಥೆಯಲ್ಲಿ ಈ ಬಾರ್ಬರಾಳನ್ನು ಮೆಕ್ಸಿಕೊದ ಆ್ಯಜ್‌ಟೆಕ್ ಜನ ತಮ್ಮ ಪುರೋಹಿತನ ಪುನರ್ಜನ್ಮವೆಂದು ನಂಬಿ ದೇವತೆಯಂತೆ ಕೂರಿಸುತ್ತಾರೆ. ಇತಿಹಾಸ ಬಲ್ಲ ಆಕೆ, ಸ್ಪೇನಿನವರು ಬರುವ ಮೊದಲೇ ನರಬಲಿಯನ್ನು ನಿಲ್ಲಿಸಿಬಿಟ್ಟರೆ ಈ ನಾಗರಿಕತೆಯ ಒಳ್ಳೆಯ ಭಾಗವಾದರೂ ಉಳಿದೀತು ಎಂದು ಆಸೆಪಡುತ್ತಾಳೆ. ಇತಿಹಾಸದ ಒಂದು ಸಾಲನ್ನೂ ತಿದ್ದಲಾಗದು ಎಂದು ಡಾಕ್ಟರ್ ಸಿಡುಕುತ್ತಾನೆ. ಆಕೆ ಸೋಲುತ್ತಾಳೆ, ಬಲಿ ನಡೆದೇ ಹೋಗುತ್ತದೆ. ಆದರೆ ಆಟ್ಲಾಕ್ ಎಂಬ ಒಬ್ಬ ಅರ್ಚಕನ ಕಣ್ಣು ತೆರೆದಿರುತ್ತದೆ. ನಾಗರಿಕತೆಯನ್ನು ಉಳಿಸಲು ನಿನ್ನಿಂದಾಗದಿದ್ದರೂ ಒಬ್ಬ ಮನುಷ್ಯನಿಗೆ ನೆರವಾದೆಯಲ್ಲ ಎಂಬ ಅರ್ಥದ ಸಾಂತ್ವನವನ್ನು ಕೊನೆಯಲ್ಲಿ ಡಾಕ್ಟರನೇ ಹೇಳುತ್ತಾನೆ. ಮೂವತ್ತೆರಡು ವರ್ಷ ಇತಿಹಾಸ ಪಾಠ ಮಾಡಿದ ನನಗೆ, ಆ ಬಾರ್ಬರಾ ಮೇಡಂ ತಲೆತಗ್ಗಿಸಿ ನಿಲ್ಲುವ ದೃಶ್ಯವನ್ನು ನೋಡಿದಾಗಲೆಲ್ಲ ಗಂಟಲು ಕಟ್ಟುತ್ತದೆ.

ಈಗ ಪಾಂಪೆಗೆ ಬನ್ನಿ. ಊರು ಉಳಿಯಲಿಲ್ಲ, ಒಂದು ಮನೆ ಉಳಿಯಿತು. 1964ರಲ್ಲಿ ಬರೆದದ್ದನ್ನೇ 2008ರಲ್ಲಿ ಇನ್ನೊಂದು ಬಗೆಯಲ್ಲಿ ಬರೆದಿದ್ದಾರೆ. (ಕೆಸೀಲಿಯಸ್ ಬರಿಯ ಕಲ್ಪನೆಯಲ್ಲ, ಪಾಂಪೆಯ ಉತ್ಖನನದಲ್ಲಿ ಆ ಹೆಸರಿನ ಲೇವಾದೇವಿಗಾರನ ಮನೆಯೂ ಅವನ ಲೆಕ್ಕದ ಮೇಣದ ಹಲಗೆಗಳೂ ಸಿಕ್ಕಿವೆ.) ಆ ಪಾತ್ರ ಮಾಡಿದ ಪೀಟರ್ ಕಪಾಲ್ಡಿ ಅವರೇ ಮುಂದೆ ಡಾಕ್ಟರ್ ಆದರು. ಜನರನ್ನು ಉಳಿಸುವವನು ತಾನು ಎಂದು ತನಗೇ ನೆನಪಿಸಿಕೊಳ್ಳಲೆಂದು ಈ ಮುಖವನ್ನು ಆರಿಸಿಕೊಂಡೆ ಎಂದು 2015ರ ಒಂದು ಕಂತಿನಲ್ಲಿ ಡಾಕ್ಟರ್ ಅರಿತುಕೊಳ್ಳುತ್ತಾನೆ. ಎಂದರೆ ಡಾನಾ ಅತ್ತದ್ದು ಅವನ ಮುಖದಲ್ಲೇ ಉಳಿದುಕೊಂಡಿತು.

ಹಾಗಾದರೆ ಪ್ರೇಮ್ ಏಕೆ ಉಳಿಯಲಿಲ್ಲ? ಲೆಕ್ಕದ ಉತ್ತರ ಸುಲಭ. ಪ್ರೇಮ್ ಬದುಕಿದರೆ ಉಂಬ್ರೀನ್ ಮತ್ತೊಂದು ಮದುವೆಯಾಗುವುದಿಲ್ಲ, ಯಾಸ್ಮಿನ್ ಹುಟ್ಟುವುದಿಲ್ಲ. ಆದರೆ ನನಗೆ ಆ ಕಂತಿನಲ್ಲಿ ಹೆಚ್ಚು ಮುಖ್ಯವಾಗಿ ಕಂಡದ್ದು ಬೇರೆ. ಕೊಲೆಗಡುಕರೆಂದು ನಾವು ಮೊದಲು ಸಂಶಯಪಡುವ ಆ ಇಬ್ಬರು ಅನ್ಯಲೋಕದವರು ಕೊಲ್ಲಲು ಬಂದವರಲ್ಲ. ತಮ್ಮ ಲೋಕ ನಾಶವಾದಾಗ ಸತ್ತವರ ಪಕ್ಕದಲ್ಲಿ ತಾವು ಇರಲಿಲ್ಲವೆಂಬ ದುಃಖದಿಂದ, ಯಾರೂ ಗಮನಿಸದೆ ಒಂಟಿಯಾಗಿ ಸಾಯುವವರ ಬಳಿ ಸಾಕ್ಷಿಯಾಗಿ ನಿಲ್ಲುವ ಕೆಲಸವನ್ನು ಹೊತ್ತವರು. ದೇಶ ವಿಭಜನೆಯಲ್ಲಿ ಸತ್ತ ಲಕ್ಷಾಂತರ ಜನರ ಹೆಸರನ್ನು ಯಾರೂ ಬರೆದಿಡಲಿಲ್ಲ. ಬ್ರಿಟನ್ನಿನ ದೂರದರ್ಶನದಲ್ಲಿ, ಭಾನುವಾರ ಸಂಜೆ ಮಕ್ಕಳೊಡನೆ ಮನೆಮಂದಿ ಕೂತು ನೋಡುವ ಹೊತ್ತಿನಲ್ಲಿ, ಭಾರತೀಯ ಮೂಲದ ವಿನಯ್ ಪಟೇಲ್ ಅವರು ಅದನ್ನು ಬರೆದರು ಎಂಬುದನ್ನು ನಾನು ಬಹಳ ದೊಡ್ಡದಾಗಿ ಕಾಣುತ್ತೇನೆ.

ಇದಕ್ಕೆ ಮೂರು ವಾರ ಮೊದಲು ಬಂದ ‘ರೋಸಾ’ ಕಂತನ್ನು ಮಗಳು ತೋರಿಸಿರದಿದ್ದರೆ ದಯವಿಟ್ಟು ಕೇಳಿ ನೋಡಿ. 1955ರ ಡಿಸೆಂಬರ್ 1ರಂದು ಅಮೆರಿಕದ ಮಾಂಟ್‌ಗಮರಿಯ ಬಸ್ಸಿನಲ್ಲಿ ಕಪ್ಪು ಜನಾಂಗದ ರೋಸಾ ಪಾರ್ಕ್ಸ್ ಅವರು ಬಿಳಿಯನಿಗೆ ಸೀಟು ಬಿಟ್ಟುಕೊಡಲು ನಿರಾಕರಿಸಬೇಕಾದರೆ ಬಸ್ಸು ತುಂಬಿರಬೇಕು. ಹಾಗಾಗಿ ಡಾಕ್ಟರ್ ಮತ್ತು ಸಹಯಾತ್ರಿಗಳು ಬಸ್ಸಿನಿಂದ ಇಳಿಯುವಂತಿಲ್ಲ. ಆ ತಾಯಿಯನ್ನು ಪೊಲೀಸರು ಎಳೆದೊಯ್ಯುವಾಗ ಕಣ್ಣೆದುರಿಗೇ ಕುಳಿತು ನೋಡಬೇಕು. ಪಾಂಪೆಯಲ್ಲಿ ಕೈ ನೀಡಿದ್ದಕ್ಕಿಂತ ಈ ಕೂರುವಿಕೆ ಕಠಿಣವಾದದ್ದು.

ನಿಮ್ಮ ಮಗಳ ಪ್ರಶ್ನೆಗೆ ಮಂಡ್ಯದವನಾಗಿ ಒಂದು ಮಾತು. ಕಟ್ಟೆ ಇಲ್ಲದಿದ್ದರೆ ವಿಶ್ವೇಶ್ವರಯ್ಯ ನಾಲೆಯಿಲ್ಲ, ನಾಲೆಯಿಲ್ಲದಿದ್ದರೆ ನಮ್ಮ ಕಬ್ಬಿನ ಗದ್ದೆಗಳಿಲ್ಲ, 1933ರ ಸಕ್ಕರೆ ಕಾರ್ಖಾನೆಯಿಲ್ಲ, ಆಲೆಮನೆಗಳ ಹೊಗೆಯಿಲ್ಲ. 1939ರಲ್ಲಿ ಮಂಡ್ಯ ಪ್ರತ್ಯೇಕ ಜಿಲ್ಲೆಯಾಗುತ್ತಿತ್ತೋ ಇಲ್ಲವೋ. ನಿಮ್ಮ ತಾತ ಅಜ್ಜಿಯರು ಬೇರೆ ಬೇರೆ ಊರುಗಳಲ್ಲೇ ಉಳಿದು, ಅವರ ಸಂಬಂಧ ಕೂಡದೆಯೂ ಹೋಗಬಹುದಿತ್ತು. ಆದರೆ ಈ ಲೆಕ್ಕ ಸರಿಯಾಗಿದೆ ಎಂದ ಮಾತ್ರಕ್ಕೆ ಮುಳುಗಿದ ಮನೆಗಳ ದುಃಖವನ್ನು ಅಳಿಸಿಹಾಕಲಾಗದು. ಯಾಸ್ಮಿನ್ ಹುಟ್ಟಿದಳು ಎಂಬ ಕಾರಣಕ್ಕೆ ಪ್ರೇಮ್‌ನ ಸಾವು ಒಳ್ಳೆಯದಾಯಿತು ಎಂದು ಆ ಕಂತು ಎಲ್ಲಿಯೂ ಹೇಳುವುದಿಲ್ಲ, ಗಮನಿಸಿ.

ಉತ್ತರ 2: ಭೌತಶಾಸ್ತ್ರ ಸಂಶೋಧನಾ ವಿದ್ಯಾರ್ಥಿ (ಮಾನಸಗಂಗೋತ್ರಿ, ಮೈಸೂರು)

ಮೇಷ್ಟ್ರು ಬರೆದದ್ದನ್ನು ಗೌರವದಿಂದ ಓದಿದೆ. ನಿಯಮದ ಕಡೆಯಿಂದ ಮಾತ್ರ ಸ್ವಲ್ಪ ಸೇರಿಸುತ್ತೇನೆ, ಏಕೆಂದರೆ ಮೂಲ ಪ್ರಶ್ನೆ ಅದೇ.

ಮುಂದಿನ ಕಾಲಕ್ಕೆ ಹೋಗುವುದು ಭೌತಶಾಸ್ತ್ರಕ್ಕೆ ಹೊರತಾದದ್ದಲ್ಲ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಆರು ತಿಂಗಳಿದ್ದು ಬಂದವರಿಗೆ ನೆಲದ ಮೇಲಿದ್ದವರಿಗಿಂತ ಸೆಕೆಂಡಿನ ಸಾವಿರದಲ್ಲಿ ಸುಮಾರು 5 ಭಾಗದಷ್ಟು ಕಡಿಮೆ ವಯಸ್ಸಾಗಿರುತ್ತದೆ. ಭಾಗವತದಲ್ಲಿ ಕಕುದ್ಮಿ ರಾಜ ಮಗಳು ರೇವತಿಗೆ ವರನನ್ನು ಕೇಳಲು ಬ್ರಹ್ಮನ ಸಭೆಗೆ ಹೋಗಿ ಒಂದು ಕ್ಷಣ ಕಾದು ನಿಲ್ಲುವಷ್ಟರಲ್ಲಿ ಭೂಮಿಯ ಮೇಲೆ 27 ಚತುರ್ಯುಗಗಳು ಕಳೆದಿರುತ್ತವೆ. ಅದು ಮುಂದಕ್ಕೆ ಮಾತ್ರ ಸಾಗಿದ ಪಯಣ, ಹಿಂದಿನದನ್ನು ತಿದ್ದುವ ಪ್ರಶ್ನೆಯೇ ಅಲ್ಲಿ ಏಳುವುದಿಲ್ಲ.

ತೊಡಕಿರುವುದು ಹಿಂದಕ್ಕೆ ಹೋಗುವುದರಲ್ಲಿ. ಐನ್‌ಸ್ಟೈನ್ ಸಮೀಕರಣಗಳಿಗೆ ಅಂತಹ ದಾರಿ ತೆರೆಯುವ ಪರಿಹಾರವೊಂದನ್ನು 1949ರಲ್ಲಿ ಕರ್ಟ್ ಗ್ಯೋಡೆಲ್ ತೋರಿಸಿದರು. ಹಿಂದಕ್ಕೆ ಹೋಗಲು ಸಾಧ್ಯವಾದರೂ ಆಗಿಹೋದದ್ದಕ್ಕೆ ವಿರುದ್ಧವಾದದ್ದು ನಡೆಯಲಾರದು ಎಂಬುದು ರಷ್ಯಾದ ಇಗೋರ್ ನೋವಿಕೋವ್ ಅವರ ಸುಸಂಗತತೆಯ ತತ್ತ್ವ. ಪ್ರಕೃತಿಯೇ ಅಂತಹ ದಾರಿಯನ್ನು ಮುಚ್ಚಿಬಿಡುತ್ತದೆ ಎಂದು ಹಾಕಿಂಗ್ ಊಹಿಸಿದರು.

2007ರ ‘ಬ್ಲಿಂಕ್’ ಕಂತು ನೋವಿಕೋವ್ ತತ್ತ್ವಕ್ಕೆ ಕೂದಲೆಳೆಯಷ್ಟೂ ತಪ್ಪದೆ ಹೊಂದುತ್ತದೆ. 1969ರಲ್ಲಿ ಸಿಕ್ಕಿಬಿದ್ದ ಡಾಕ್ಟರ್ ಡಿವಿಡಿಯೊಂದರ ಮೂಲಕ ಸ್ಯಾಲಿ ಸ್ಪ್ಯಾರೋ ಎಂಬ ಹುಡುಗಿಯೊಡನೆ ಸಂಭಾಷಿಸುತ್ತಾನೆ. ಅವಳು ಆಡಿದ ಮಾತುಗಳ ಬರಹ ಅವನಿಗೆ ಸಿಕ್ಕಿದ್ದು ಮುಂದೊಂದು ದಿನ ಅವಳೇ ಅದನ್ನು ಅವನ ಕೈಗೆ ಕೊಟ್ಟದ್ದರಿಂದ. ಅಲ್ಲಿ ಏನೂ ಬದಲಾಗುವುದಿಲ್ಲ, ಎಲ್ಲವೂ ಒಂದು ವೃತ್ತದಲ್ಲಿ ಕೂಡಿಕೊಳ್ಳುತ್ತದೆ. 2005ರ ‘ಫಾದರ್ಸ್ ಡೇ’ ಇದಕ್ಕೆ ನೇರ ವಿರುದ್ಧ. 1987ರಲ್ಲಿ ಕಾರು ಬಡಿದು ಸಾಯಬೇಕಿದ್ದ ತಂದೆಯನ್ನು ಸಹಯಾತ್ರಿ ರೋಸ್ ಟೈಲರ್ ಎಳೆದು ಉಳಿಸುತ್ತಾಳೆ, ಕಾಲಕ್ಕೇ ಗಾಯವಾಗುತ್ತದೆ. ಒಂದೇ ಧಾರಾವಾಹಿಯಲ್ಲಿ ಎರಡೂ ಇರುವುದರಿಂದ, ಭೌತಶಾಸ್ತ್ರದ ಮಟ್ಟದಲ್ಲಿ ನಿಮ್ಮ ಮಗಳ ಮಾತೇ ಸರಿ: ಬಿಗಿಯಾದ ಒಂದೇ ನಿಯಮವಿಲ್ಲ.

ಆದರೆ ‘ಫಾದರ್ಸ್ ಡೇ’ ಕೊನೆಯನ್ನು ಮೇಷ್ಟ್ರ ಮಾತಿನೊಡನೆ ಇಟ್ಟು ನೋಡಿ. ತಂದೆ ಸತ್ತಾಗ ಜೊತೆಗೆ ಯಾರೂ ಇರಲಿಲ್ಲ ಎಂದು ತಾಯಿ ರೋಸ್‌ಗೆ ಹೇಳಿರುತ್ತಾಳೆ. ಗಾಯ ಮಾಗಬೇಕಾದರೆ ತಾನು ಸಾಯಲೇಬೇಕು ಎಂದು ಅರ್ಥವಾದ ಆತ ತಾನಾಗಿಯೇ ಕಾರಿಗೆ ಅಡ್ಡ ಓಡುತ್ತಾನೆ. ಈ ಸಲ ರೋಸ್ ಕೈ ಹಿಡಿದು ಪಕ್ಕದಲ್ಲಿ ಕೂರುತ್ತಾಳೆ. ಅಲ್ಲಿಂದ ಮುಂದೆ ತಾಯಿ ಹೇಳುವ ಕಥೆಯಲ್ಲಿ, ಯಾರೋ ಒಬ್ಬ ಹುಡುಗಿ ಕೊನೆಯವರೆಗೂ ಅವನ ಕೈ ಹಿಡಿದಿದ್ದಳು. ಸಾವು ಸಾವಾಗಿಯೇ ಉಳಿಯಿತು, ಒಂಟಿತನವೊಂದು ಮಾತ್ರ ಹೋಯಿತು.

ಉತ್ತರ 3: ಸರಸ್ವತಿಪುರಂ ವೀಕ್ಷಕಿ (ಮೈಸೂರು)

ಮೇಷ್ಟ್ರೇ, ನಿಮ್ಮ ಬರಹದ ಬಹುಭಾಗವನ್ನು ಒಪ್ಪುತ್ತೇನೆ, ಒಂದನ್ನು ಒಪ್ಪಲಾರೆ. ನಿಯಮವನ್ನು ಹೇಳುವವನು ಡಾಕ್ಟರ್, ಅದರ ಬೆಲೆ ತೆರುವವರು ಸಹಯಾತ್ರಿಗಳು ಎಂಬುದನ್ನು ನೀವು ಹೇಳಲಿಲ್ಲ.

ಒಬ್ಬರನ್ನಾದರೂ ಉಳಿಸು ಎಂದು ಅತ್ತ ಆ ಡಾನಾಳ ಗತಿ ಏನಾಯಿತು? ಅದೇ 2008ರ ಕೊನೆಯಲ್ಲಿ, ಅವಳ ಜೀವ ಉಳಿಸಬೇಕೆಂದು, ಬೇಡವೆಂದು ಅವಳು ಅಂಗಲಾಚುತ್ತಿದ್ದರೂ ಡಾಕ್ಟರ್ ಅವಳ ನೆನಪುಗಳನ್ನು ಅಳಿಸಿಬಿಡುತ್ತಾನೆ. ಪಾಂಪೆಯ ಆ ಮನೆ ತನ್ನಿಂದ ಉಳಿಯಿತು ಎಂಬುದೂ ಅವಳಿಗೆ ಗೊತ್ತಿಲ್ಲದಂತಾಗುತ್ತದೆ. 2023ರ ವಿಶೇಷ ಕಂತಿನಲ್ಲಿ ಅವು ಮರಳುವವರೆಗೆ ನಾವು ವೀಕ್ಷಕರು ಹದಿನೈದು ವರ್ಷ ಅವಳ ಪರವಾಗಿ ನೆನಪಿಟ್ಟುಕೊಂಡಿದ್ದೆವು. 1969ರ ‘ದಿ ವಾರ್ ಗೇಮ್ಸ್’ನಲ್ಲಿ ಸಹಯಾತ್ರಿಗಳಾದ ಜೇಮಿ ಮತ್ತು ಜೋಯಿ ಇಬ್ಬರಿಗೂ ಹೀಗೆಯೇ ಆಯಿತು, ಡಾಕ್ಟರನೊಡನೆ ಕಳೆದ ಮೊದಲ ಸಾಹಸವೊಂದನ್ನು ಬಿಟ್ಟು ಉಳಿದದ್ದೆಲ್ಲವನ್ನೂ ಡಾಕ್ಟರನ ಜನಾಂಗದವರೇ ಆದ ಕಾಲದ ಒಡೆಯರು ಅಳಿಸಿ ಅವರವರ ಕಾಲಕ್ಕೆ ಹಿಂದಿರುಗಿಸಿದರು.

ನಮ್ಮ ತಂದೆಯವರು ಮರೆವಿನ ಕಾಯಿಲೆಯಲ್ಲಿ ನಾಲ್ಕು ವರ್ಷ ಇದ್ದು ಹೋದರು. ಕೊನೆಯ ವರ್ಷ ನನ್ನನ್ನು ಅವರು ತಮ್ಮ ಅಕ್ಕನೆಂದು ತಿಳಿದು ಮಾತನಾಡುತ್ತಿದ್ದರು. ಆದ್ದರಿಂದ ನೆನಪು ಅಳಿಸುವುದನ್ನು ಜೀವ ಉಳಿಸುವ ಉಪಾಯವೆಂದು ನನ್ನಿಂದ ಸುಲಭವಾಗಿ ನೋಡಲಾಗುವುದಿಲ್ಲ. ಸಾಕ್ಷಿಯಾಗಿ ನಿಲ್ಲುವುದು ದೊಡ್ಡದು ಎನ್ನುವ ಧಾರಾವಾಹಿ, ಸಾಕ್ಷಿಯಾದವರ ನೆನಪನ್ನೇ ಕಿತ್ತುಕೊಂಡರೆ ಅದನ್ನು ಅನ್ಯಾಯವೆಂದೇ ಕರೆಯಬೇಕು.

ಸಹಯಾತ್ರಿ ಇಲ್ಲದಿದ್ದಾಗ ಏನಾಗುತ್ತದೆ ಎಂಬುದನ್ನು 2009ರ ‘ದಿ ವಾಟರ್ಸ್ ಆಫ್ ಮಾರ್ಸ್’ ತೋರಿಸುತ್ತದೆ. ಒಬ್ಬಂಟಿಯಾದ ಡಾಕ್ಟರ್ ಮಂಗಳ ಗ್ರಹದ ನೆಲೆಯಲ್ಲಿ ಸಾಯಬೇಕಿದ್ದವರನ್ನು ಉಳಿಸಿ, ಕಾಲದ ನಿಯಮಗಳು ಇನ್ನು ತನ್ನ ಅಧೀನ ಎಂದು ಬೀಗುತ್ತಾನೆ. ಉಳಿದುಬಂದ ನಾಯಕಿ ಅಡಿಲೇಡ್ ಬ್ರೂಕ್ ಆ ಅಹಂಕಾರಕ್ಕೆ ಹೆದರಿ, ಮುಂದಿನ ಇತಿಹಾಸ ಕೆಡಬಾರದೆಂದು ತನ್ನ ಜೀವವನ್ನೇ ಕೊಡುತ್ತಾಳೆ. ಪಾಂಪೆಯಲ್ಲಿ ಅವನು ಕೈ ನೀಡಿದ್ದು ಡಾನಾ ಬೇಡಿಕೊಂಡಿದ್ದರಿಂದ; ಮಂಗಳದಲ್ಲಿ ತನ್ನ ಶಕ್ತಿಯನ್ನು ತೋರಿಸಿಕೊಳ್ಳಲು. ಪ್ರಶ್ನೆ ಕೇಳಿದವರು ಹುಡುಕುತ್ತಿರುವ ವ್ಯತ್ಯಾಸ ಇಲ್ಲಿಯೇ ಇದೆ ಎಂದು ನನಗೆ ತೋರುತ್ತದೆ. ಎಷ್ಟು ಬದಲಿಸಬಹುದು ಎಂಬ ಅಳತೆ ಪೆಟ್ಟಿಗೆಯ ಯಂತ್ರದಲ್ಲಿಲ್ಲ, ಪಕ್ಕದಲ್ಲಿ ನಿಂತ ಮನುಷ್ಯರಲ್ಲಿದೆ. ಪಂಜಾಬಿನಲ್ಲಿ ಕೇಳಬಹುದಾಗಿದ್ದವಳು ಯಾಸ್ಮಿನ್ ಒಬ್ಬಳೇ, ಮತ್ತು ಕೇಳಿದರೆ ತಾನೇ ಇಲ್ಲವಾಗುತ್ತಾಳೆ. ಆ ಹುಡುಗಿಯ ಮುಖವನ್ನು ನೋಡಿ. ಬದುಕಿರಬೇಕಾದರೆ ಅಜ್ಜಿಯ ಮೊದಲ ಗಂಡ ಸಾಯುವುದನ್ನು ಒಪ್ಪಿಕೊಳ್ಳಬೇಕು ಎಂಬ ಭಾರವನ್ನು ಆ ವಯಸ್ಸಿನವಳ ಮೇಲೆ ಹೊರಿಸಿದ್ದಾರೆ.

ಇನ್ನೊಂದು ವಿಷಯವನ್ನೂ ಹೇಳಬೇಕು. 1960ರ ದಶಕದ ಹಲವು ಕಂತುಗಳ ಟೇಪುಗಳನ್ನು ಆ ಕಾಲದಲ್ಲಿ ಅಳಿಸಿ ಮರುಬಳಕೆ ಮಾಡಿದ್ದರಿಂದ ಅವು ಇಂದು ಇಲ್ಲ; ವಾರಿಸ್ ಹುಸೇನ್ ನಿರ್ದೇಶಿಸಿದ ‘ಮಾರ್ಕೊ ಪೋಲೊ’ವಿನ ಚಿತ್ರಗಳೂ ಹೀಗೆಯೇ ಹೋದವು. ಆದರೆ ಮನೆಯಲ್ಲಿ ಟಿ.ವಿ. ಮುಂದೆ ಟೇಪ್ ರೆಕಾರ್ಡರ್ ಇಟ್ಟು ಧ್ವನಿ ಹಿಡಿದಿಟ್ಟುಕೊಂಡ ಸಾಮಾನ್ಯ ವೀಕ್ಷಕರಿಂದಾಗಿ ಅಂತಹ ಕಂತುಗಳ ಮಾತುಗಳೆಲ್ಲ ಉಳಿದಿವೆ. ಈ ಧಾರಾವಾಹಿಗೂ ಸಹಯಾತ್ರಿಗಳು ಬೇಕಾಗಿದ್ದರು.

ಹಿನ್ನೀರಿನವನು (ಪಾಂಡವಪುರ)

ಮೂವರಿಗೂ ಮನಃಪೂರ್ವಕ ಧನ್ಯವಾದಗಳು. ಮೇಷ್ಟ್ರು ಹೇಳಿದ ‘ರೋಸಾ’ ಕಂತನ್ನೂ ‘ಫಾದರ್ಸ್ ಡೇ’ಯನ್ನೂ ಮಗಳು ಈ ವಾರ ತೋರಿಸಿದಳು. ಎರಡನೆಯದು ಮುಗಿದ ಮೇಲೆ ಇಬ್ಬರೂ ಸ್ವಲ್ಪ ಹೊತ್ತು ಮಾತನಾಡಲಿಲ್ಲ.

ಸರಸ್ವತಿಪುರಂ ಮೇಡಂ ಅವರ ಮಾತು ಮಗಳ ಮನಸ್ಸಿಗೆ ನಾಟಿತು. ಪಂಜಾಬಿನ ಕಂತಿನ ಕೊನೆಯಲ್ಲಿ ಅಜ್ಜಿ ತಾನಾಗಿಯೇ ಗಡಿಯಾರದ ಕಥೆ ಹೇಳಲು ಮುಂದಾದಾಗ ಯಾಸ್ಮಿನ್ ಇನ್ನೊಮ್ಮೆ ಹೇಳುವಿಯಂತೆ ಎನ್ನುತ್ತಾಳೆ. ಅವಳು ಕಣ್ಣಾರೆ ನೋಡಿ ಬಂದಿದ್ದಾಳೆ, ಹಾಗೆನ್ನಬಹುದು. ನಮಗೆ ಪೆಟ್ಟಿಗೆಯಿಲ್ಲ, ಆದ್ದರಿಂದ ಈಗಲೇ ಕೇಳಬೇಕು ಎಂದು ಹೇಳಿ ಮಗಳು ನನ್ನ ತಾಯಿಯ ಮುಂದೆ ಫೋನಿನಲ್ಲಿ ರೆಕಾರ್ಡಿಂಗ್ ಹಾಕಿ ಕುಳಿತಳು. ತಾಯಿಗೆ ಎಪ್ಪತ್ತೊಂಬತ್ತು ವರ್ಷ. ಮುಳುಗಿದ ಊರನ್ನು ಅವರು ನೋಡಿದವರಲ್ಲ, ತಮ್ಮ ತಾಯಿಯ ಬಾಯಿಂದ ಕೇಳಿದವರು.

ಕಟ್ಟೆಯ ವಿಷಯ ಕೇಳಿದಾಗ ತಾಯಿ ನನ್ನಂತೆ ತಡಬಡಾಯಿಸಲಿಲ್ಲ. “ಕಟ್ಟೆ ಯಾಕವ್ವ ನಿಲ್ಸದು? ನಾಲೆ ನೀರು ಕುಡ್ದೇ ನಾನು ಬೆಳ್ದಿದ್ದು. ಗಾಡೀಲಿ ಇನ್ನೊಂದು ಗೇಣು ಜಾಗ ಇದ್ದಿದ್ರೆ ಮೇಲಿನ ಕಲ್ಲೂ ಬತ್ತಿತ್ತು, ಅದೊಂದೇ ನಮ್ಮವ್ವ ಕೊನೇವರ್ಗೂ ಹೇಳ್ತಿದ್ದದ್ದು” ಎಂದರು. ಹಿತ್ತಿಲಿನ ಕಲ್ಲು ಜೋಡಿಯಲ್ಲ, ಕೆಳಗಿನದು ಮಾತ್ರ ಹಳೆಯದು, ಮೇಲಿನದನ್ನು ಇಲ್ಲಿಗೆ ಬಂದ ಮೇಲೆ ಕೊಂಡದ್ದು ಎಂಬುದು ನನಗೆ ಇಷ್ಟು ವರ್ಷ ಗೊತ್ತಿರಲಿಲ್ಲ. ಎರಡೂ ಕಲ್ಲುಗಳ ಬಣ್ಣ ಬೇರೆಯಿರುವುದನ್ನು ದಿನವೂ ನೋಡುತ್ತಿದ್ದೆ, ಏಕೆಂದು ಕೇಳಿರಲಿಲ್ಲ.

ರೆಕಾರ್ಡಿಂಗ್ ಒಂದು ಗಂಟೆ ಹತ್ತು ನಿಮಿಷವಾಗಿದೆ. ಆ ಊರಿನಲ್ಲಿದ್ದ ಹನ್ನೊಂದು ಮನೆಗಳ ಹೆಸರುಗಳನ್ನು ತಾಯಿ ನೆನಪಿನಿಂದ ಹೇಳಿದ್ದಾರೆ. ಉಳಿದ ಹೆಸರುಗಳಿಗಾಗಿ ಮುಂದಿನ ಭಾನುವಾರ ಹೊಸ ಕನ್ನಂಬಾಡಿಯ ಕಡೆಯಲ್ಲಿರುವ ಅವರ ಸೋದರಮಾವನ ಮಗನ ಮನೆಗೆ ಮೂವರೂ ಹೋಗುತ್ತಿದ್ದೇವೆ.